ಅಬರ್ಡೀನಿನಲ್ಲಿ ಗುಲಾಬಿಯ ಬೇರು ಬಿಚ್ಚಿದ್ದು

ಹೊಟ್ಟೆಕಿಚ್ಚಿನ ಮನುಷ್ಯ ಪರದೇಶಕ್ಕೆ ಹೋಗಬಾರದು. ಹೋದರೂ ತೋಟ ಮಾಡುವವರ ನಡುವೆ ಹೋಗಿ ಇಳಿದುಕೊಳ್ಳಬಾರದು. ನಾನು ಹೊರಡುವ ಮೊದಲೇ ನನ್ನ ಹೆಂಡತಿ ಇದನ್ನು ತನ್ನ ಮಾತಿನಲ್ಲಿ ಹೇಳಿದ್ದಳು. “ಹೋಗಿ ಸುಮಿತ್ರಾನ್ನ ಕರಕೊಂಡು ಬರ್ರಿ, ಅಷ್ಟ. ಅಲ್ಲಿ ಯಾರ ಗಿಡ ಹೆಂಗ ಬಂದಾವು ಅಂತ ನೋಡಾಕ ಹೋಗಬ್ಯಾಡ್ರಿ. ನಿಮಗ ನಿದ್ದಿ ಬರಂಗಿಲ್ಲ.”

ನನ್ನ ಬಗ್ಗೆ ಅವಳಿಗೆ ಗೊತ್ತಿಲ್ಲದ್ದು ಏನೂ ಇಲ್ಲ. ನಾವಿರುವುದು ಬೆಳಗಾವಿಯ ಹಿಂದವಾಡಿಯಲ್ಲಿ. ಆಟೋ ನಗರದಲ್ಲಿ ನನ್ನದೊಂದು ಲೇತ್ ವರ್ಕ್‌ಶಾಪ್ ಇದೆ. ಹಗಲೆಲ್ಲ ಕಬ್ಬಿಣದ ಜೊತೆ, ಬೆಳಿಗ್ಗೆ ಸಂಜೆ ಗುಲಾಬಿಯ ಜೊತೆ. ಹಿಂದಿನ ಓಣಿಯ ಮಾಸ್ತರರೊಬ್ಬರ ಅಂಗಳದಲ್ಲಿ ಒಮ್ಮೆ ನನ್ನದಕ್ಕಿಂತ ದೊಡ್ಡ ಹೂವು ಅರಳಿತ್ತು. ಅದು ಉದುರುವವರೆಗೂ ನಾನು ಆ ಓಣಿಯಲ್ಲಿ ಸ್ಕೂಟರ್ ಓಡಿಸಲಿಲ್ಲ, ಸುತ್ತು ಹಾಕಿಕೊಂಡೇ ಮನೆಗೆ ಹೋಗುತ್ತಿದ್ದೆ. ನನ್ನ ಗಿಡಗಳನ್ನು ಬೇರೆಯವರು ಮುಟ್ಟಿದರೂ ನನಗೆ ಆಗಿಬರುವುದಿಲ್ಲ. ಅಂಗಳದ ತುಂಬ ಗುಲಾಬಿ ಇದ್ದರೂ ನಮ್ಮ ಮನೆಯ ಪೂಜೆಗೆ ಹೂವು ಮಾರ್ಕೆಟ್ಟಿನಿಂದಲೇ ಬರುತ್ತದೆ.

ಸುಮಿತ್ರಾ ನನ್ನ ಒಬ್ಬಳೇ ತಂಗಿ. ಇಬ್ಬರೂ ಖಾನಾಪುರದಲ್ಲಿ ಹುಟ್ಟಿ ಬೆಳೆದವರು. ಅವಳು ನರ್ಸ್ ಆದಳು, ನನ್ನ ವರ್ಕ್‌ಶಾಪಿನಲ್ಲೇ ವೆಲ್ಡಿಂಗ್ ಮಾಡುತ್ತಿದ್ದ ವಿಠ್ಠಲನನ್ನು ಮದುವೆಯಾದಳು, ಆಮೇಲೆ ಇಬ್ಬರೂ ಸ್ಕಾಟ್ಲೆಂಡಿನ ಅಬರ್ಡೀನ್ ಎಂಬ ಊರಿಗೆ ಹೋದರು. ಅಲ್ಲಿ ಸಮುದ್ರದಿಂದ ಎಣ್ಣೆ ತೆಗೆಯುವವರಿಗೆ ವೆಲ್ಡರುಗಳು ಬೇಕಿದ್ದರು, ವಯಸ್ಸಾದವರನ್ನು ನೋಡಿಕೊಳ್ಳುವ ಮನೆಗಳಿಗೆ ನರ್ಸುಗಳು ಬೇಕಿದ್ದರು. ಹಿಂದಿನ ಚಳಿಗಾಲ ಶುರುವಾಗುವ ಹೊತ್ತಿಗೆ ವಿಠ್ಠಲ ಎದೆನೋವಿನಿಂದ ತೀರಿಕೊಂಡ. ಅವರಿಗೆ ಮಕ್ಕಳಿಲ್ಲ. ನಾನು ಪ್ರತಿ ಶನಿವಾರ ಫೋನ್ ಮಾಡಿ ಊರಿಗೆ ಬಾ ಎನ್ನುತ್ತಿದ್ದೆ, ಅವಳು ನೋಡೋಣ ಎನ್ನುತ್ತಿದ್ದಳು. ಕೊನೆಗೆ ಈ ಜನವರಿಯಲ್ಲಿ ನಾನೇ ಹೊರಟೆ. ಮಹಡಿಯ ಕೋಣೆಗೆ ಬಣ್ಣ ಹೊಡೆಸಿ, ಹೊಸ ಗಾದಿ ಹಾಕಿಸಿ ಹೊರಟೆ. ಅವಳನ್ನು ಕರೆದುಕೊಂಡೇ ಬರಬೇಕು, ಒಬ್ಬನೇ ವಾಪಸು ಬರಬಾರದು ಎಂದು ಗಟ್ಟಿ ಮಾಡಿಕೊಂಡಿದ್ದೆ.

ವಿಮಾನ ನಿಲ್ದಾಣ

ಅಲ್ಲಿಯ ಅಧಿಕಾರಿಣಿ ನನ್ನ ಚೀಲ ತೆಗೆದು ಒಂದೊಂದೇ ಗಂಟು ಬಿಚ್ಚಿದಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ ಎಲ್ಲ ಪಾಸಾದವು. ಕೊನೆಗೆ ಸಿಕ್ಕಿದ್ದು ಬೇವಿನ ಹಿಂಡಿಯ ಪೊಟ್ಟಣ. ತಂಗಿಯ ಹತ್ತಿರ ಒಂದು ಗುಲಾಬಿ ಇದೆ ಎಂದು ಗೊತ್ತಿತ್ತು, ಅದರ ಬುಡಕ್ಕೆ ಹಾಕೋಣ ಎಂದು ತಂದಿದ್ದೆ. ಆಕೆ ಮೂಸಿ ನೋಡಿ ಮುಖ ಕಿವುಚಿದಳು. ಇದೂ ಊಟದ ಪದಾರ್ಥವೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಗಡಿಬಿಡಿಯಲ್ಲಿ ಯೆಸ್, ಫುಡ್ ಎಂದುಬಿಟ್ಟೆ. ಗಿಡಕ್ಕೆ ಎಂದು ಸೇರಿಸಬೇಕು ಎಂಬುದು ಹೊಳೆಯುವಷ್ಟರಲ್ಲಿ ಆಕೆ ಒಮ್ಮೆ ರೊಟ್ಟಿ ನೋಡಿ, ಒಮ್ಮೆ ಹಿಂಡಿ ನೋಡಿ, ಆಮೇಲೆ ನನ್ನನ್ನು ಬಹಳ ಕನಿಕರದಿಂದ ನೋಡಿದಳು. ಹಿಂಡಿ ಕಸದ ಡಬ್ಬಿಗೆ ಹೋಯಿತು.

ಬೆಳಗಾವಿಯವರಿಗೆ ಥಂಡಿಯ ವಿಷಯದಲ್ಲಿ ಸ್ವಲ್ಪ ಗರ್ವ. ಡಿಸೆಂಬರಿನಲ್ಲಿ ಹುಬ್ಬಳ್ಳಿ ಕಡೆಯ ಬೀಗರು ಬಂದರೆ ನಸುಕಿನಲ್ಲಿ ಅವರನ್ನು ಅಂಗಳಕ್ಕೆ ಕರೆದು, ಹೆಂಗೈತ್ರಿ ನಮ್ಮ ಥಂಡಿ ಎಂದು ಕೇಳುವವರು ನಾವು. ಖಾನಾಪುರದವರದು ಇನ್ನೂ ಒಂದು ಕೈ ಮೇಲು. ಬೆಳಗಾವಿಯ ಥಂಡಿಗೆ ಅವರು ಸ್ವೆಟರನ್ನೇ ಹಾಕುವುದಿಲ್ಲ. ಆ ಗರ್ವವನ್ನೂ ಮಫ್ಲರನ್ನೂ ಸುತ್ತಿಕೊಂಡು ನಾನು ಅಬರ್ಡೀನಿನ ಬಾಗಿಲು ದಾಟಿದೆ. ಸಮುದ್ರದ ಗಾಳಿ ಒಂದೇ ಸಲ ಮುಖಕ್ಕೆ ಹೊಡೆಯಿತು. ಕಣ್ಣಲ್ಲಿ ನೀರು ಬಂತು, ಮೂಗು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡೆ. ಎದುರಿಗೆ ಸುಮಿತ್ರಾ ನಿಂತು ನಗುತ್ತಿದ್ದಳು.

“ಇವತ್ತು ಭಾಳ ಛಲೋ ಐತಿ ಅಣ್ಣಾ,” ಎಂದಳು. “ಗಾಳಿ ಇಲ್ಲ.”

ತಂಗಿಯ ಮನೆ

ಅವಳು ಸೊರಗಿರುತ್ತಾಳೆ, ಕಣ್ಣು ಗುಳಿ ಬಿದ್ದಿರುತ್ತವೆ, ನನ್ನನ್ನು ನೋಡಿ ಅತ್ತುಬಿಡುತ್ತಾಳೆ ಎಂದು ನಾನು ದಾರಿಯುದ್ದಕ್ಕೂ ಎಣಿಸಿಕೊಂಡು ಬಂದಿದ್ದೆ. ಏನು ಸಮಾಧಾನ ಹೇಳಬೇಕೆಂಬುದನ್ನೂ ತಯಾರು ಮಾಡಿಕೊಂಡಿದ್ದೆ. ಆದರೆ ಅವಳ ಕೆನ್ನೆ ಕೆಂಪಗಿದ್ದವು. ಅಂಗೈ ಮಾತ್ರ ಹೊಲದಲ್ಲಿ ದುಡಿಯುವವರ ಅಂಗೈಯಂತೆ ಒರಟಾಗಿತ್ತು. ಅಡುಗೆಮನೆಯ ಕಿಟಕಿಯಲ್ಲಿ ಸಣ್ಣ ಸಣ್ಣ ಬಟ್ಟಲುಗಳಲ್ಲಿ ಏನೇನೋ ಮೊಳಕೆಯೊಡೆದು ನಿಂತಿದ್ದವು. ಆ ಬಟ್ಟಲುಗಳ ಮಣ್ಣು ನೋಡಿದೆ. ನನ್ನ ಮಣ್ಣಿಗಿಂತ ಕಪ್ಪಗಿತ್ತು, ಹಿಟ್ಟಿನಷ್ಟು ಸಣ್ಣಗಿತ್ತು. ಹೊಟ್ಟೆಯಲ್ಲಿ ಸಣ್ಣಗೆ ಉರಿಯತೊಡಗಿದ್ದು ಅಲ್ಲಿಂದಲೇ.

ಊಟವಾದ ಮೇಲೆ ನಾನು ತಡಮಾಡಲಿಲ್ಲ. “ಸುಮಿ, ಎಲ್ಲಾ ಕಟ್ಟು. ಊರಿಗೆ ಹೋಗೂಣು. ಮ್ಯಾಲಿನ ಕ್ವಾಣಿ ನಿನಗಂತನ ಮಾಡಿಸೀನಿ,” ಎಂದೆ.

“ಬಂದಾಕ್ಷಣ ಶುರು ಮಾಡ್ಕೊಂಡಿ ನೋಡು,” ಎಂದು ನಕ್ಕಳು. “ಮೊದ್ಲ ನನ್ನ ತ್ವಾಟ ನೋಡು. ನೀ ಹೋಗೂದ್ರಾಗ ಹೇಳ್ತೀನಿ.”

ತೋಟ

ಆ ಊರಿನಲ್ಲಿ ಮನೆಗೆ ಅಂಗಳವಿಲ್ಲದವರಿಗೆ ಊರ ಅಂಚಿನಲ್ಲಿ ಒಂದೊಂದು ಪಟ್ಟಿ ನೆಲವನ್ನು ಬಾಡಿಗೆಗೆ ಕೊಡುತ್ತಾರೆ. ಒಂದರ ಬಾಜು ಒಂದು, ನಡುವೆ ಕಾಲುದಾರಿ, ಮೂಲೆಯಲ್ಲಿ ಎಲ್ಲರಿಗೂ ಸೇರಿದ ಒಂದು ಹಲಗೆಯ ಗುಡಿಸಲು. ಸುಮಿತ್ರಾ ಗೇಟು ತೆಗೆದಳು. ನಾನು ಒಳಗೆ ಕಣ್ಣು ಹಾಯಿಸಿದೆ. ಎಲ್ಲವೂ ಸತ್ತುಹೋಗಿತ್ತು.

ನಿಜ ಹೇಳುತ್ತೇನೆ, ನನಗೆ ಬಹಳ ಸಂತೋಷವಾಯಿತು. ಒಣಗಿದ ದಂಟುಗಳು, ಕರ್ರಗಾದ ಹೂಗೊಂಚಲುಗಳು, ಕೊಳೆಯುತ್ತಿದ್ದ ಎಲೆಗಳ ರಾಶಿ. ಹಸಿರೆಂದು ಕಂಡದ್ದು ಎಲೆಕೋಸಿನ ಜಾತಿಯ ಒಂದೆರಡು ಗಿಡ, ಉಳ್ಳಾಗಡ್ಡಿಯ ದಪ್ಪ ತಮ್ಮನಂತಿದ್ದ ಲೀಕಿನ ಒಂದು ಸಾಲು. ನನ್ನ ಹಿಂದವಾಡಿಯಲ್ಲಿ ಜನವರಿ ಅಂದರೆ ಗುಲಾಬಿಯ ಸುಗ್ಗಿ. ಮನಸ್ಸಿನಲ್ಲೇ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ ಹಿಗ್ಗಿದೆ.

“ಇದು ವಿಠ್ಠಲ ನೆಟ್ಟದ್ದು,” ಎಂದು ಸುಮಿತ್ರಾ ಒಂದು ಗುಲಾಬಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು. ಬರೀ ಮುಳ್ಳಿನ ಕಡ್ಡಿಗಳು. ಬುಡದಲ್ಲಿ ಮೊಣಕಾಲೆತ್ತರ ಎಲೆ, ಹುಲ್ಲು ಒಟ್ಟಿತ್ತು. ಅವಳು ಕೈಯಿಂದ ಎಲೆ ಸರಿಸಿ ಒಳಗೆ ಇಣುಕಿ ಮತ್ತೆ ಮುಚ್ಚಿದಳು. ಮಲಗಿದ ಮಗುವಿನ ಹೊದಿಕೆ ಸರಿಮಾಡಿದಂತೆ ಕಂಡಿತು. ಕಸವನ್ನು ಇಷ್ಟು ಮುದ್ದು ಮಾಡುವವರನ್ನು ನಾನು ನೋಡಿರಲಿಲ್ಲ.

ಅಷ್ಟರಲ್ಲಿ ಬಾಜು ಪಟ್ಟಿಯಿಂದ ಎತ್ತರದ ಒಬ್ಬ ಮುದುಕ ಬೇಲಿಯ ಹತ್ತಿರ ಬಂದು ನನಗೆ ಕೈ ಮುಗಿದು, “ಬರ್ರಿ, ಕುಂದರ್ರಿ,” ಎಂದ. ಅಚ್ಚ ಬೆಳಗಾವಿ ಧಾಟಿ. ಅವನ ಹೆಸರು ಜಾರ್ಜ್, ಮೀನುದೋಣಿಯ ಎಂಜಿನ್ ರಿಪೇರಿ ಮಾಡಿ ನಿವೃತ್ತನಾದವನು. ಆ ಎರಡು ಮಾತನ್ನು ವಿಠ್ಠಲ ಕಲಿಸಿದ್ದನಂತೆ. ನನ್ನ ತಂಗಿಯ ತೋಟದಲ್ಲಿ ನನಗೇ ಬರ್ರಿ ಎನ್ನಲು ಇವನ್ಯಾರು ಎಂದು ನನಗೆ ಮೈ ಉರಿಯಿತು. ಸುಮಿತ್ರಾ ಅವನನ್ನು ಅಜ್ಜ ಎಂದೇ ಕರೆಯುತ್ತಿದ್ದಳು.

ಮೊದಲ ಭಾನುವಾರ

ಚಳಿಗಾಲದಲ್ಲಿ ಆ ತೋಟದವರದೊಂದು ಪದ್ಧತಿ ಇದೆ. ಭಾನುವಾರ ಮಧ್ಯಾಹ್ನ ಎಲ್ಲರೂ ತಮ್ಮ ತಮ್ಮ ಪಟ್ಟಿಯಲ್ಲಿ ಒಂದು ಸುತ್ತು ಹಾಕುತ್ತಾರೆ. ಸತ್ತದ್ದನ್ನು ನೋಡಲಿಕ್ಕಲ್ಲ, ಬದುಕಿರುವ ಒಂದನ್ನು ಹುಡುಕಲಿಕ್ಕೆ. ಸಿಕ್ಕ ಮೇಲೆ ಗುಡಿಸಲಿಗೆ ಬಂದು ಕೂರುತ್ತಾರೆ. ಒಬ್ಬೊಬ್ಬರೇ ತಾವು ಕಂಡದ್ದರ ಹೆಸರು ಹೇಳಿ ಅದಕ್ಕೆ ಥ್ಯಾಂಕ್ಸ್ ಹೇಳುತ್ತಾರೆ, ಉಳಿದವರು ಮೇಜು ತಟ್ಟುತ್ತಾರೆ. ಆಮೇಲೆ ಬಿಸಿ ಸೂಪು. ಸುಮಿತ್ರಾ ಇದಕ್ಕೆ ಹಾಜರಿ ಎಂದು ಹೆಸರಿಟ್ಟಿದ್ದಳು.

ಅವರ ಇಂಗ್ಲಿಷು ನನಗೆ ಒಂದಕ್ಷರ ತಿಳಿಯಲಿಲ್ಲ. ಸುಮಿತ್ರಾ ಬಾಜು ಕುಳಿತು ನಮ್ಮ ಮಾತಿನಲ್ಲಿ ಹೇಳುತ್ತ ಹೋದಳು.

“ಜಾರ್ಜ್ ಅಜ್ಜ ಅಂತಾನ, ಲೀಕ್ ಇನ್ನೂ ನಿಂತಾವು. ಹೋದ ವಾರ ಬರ್ಫ್ ಬಿದ್ದದ್ದು ಛಲೋ ಆತು, ಥಂಡಿ ಬಿದ್ದಷ್ಟೂ ಅವು ಸಿಹಿ ಆಗತಾವು, ಅದಕ್ಕ ಥಂಡಿಗೂ ಒಂದು ಥ್ಯಾಂಕ್ಸ್ ಅಂತ.”

ಮೇಜು ತಟ್ಟಿದರು. ಮುಂದೆ ಮೊರಾಗ್ ಎಂಬ ದಪ್ಪ ಕನ್ನಡಕದ ಹೆಂಗಸು, ಹಿಂದೆ ಬಸ್ ಓಡಿಸುತ್ತಿದ್ದವಳು. ಒಣಗಿದ ದಂಟಿನ ಒಳಗೆ ಗುಲಗಂಜಿ ಹುಳುಗಳು ಒಂದಕ್ಕೊಂದು ಅಂಟಿಕೊಂಡು ನಿದ್ದೆ ಮಾಡುತ್ತಿವೆ ಎಂದು ಹೇಳಿದಳಂತೆ. ಹುಳುಗಳಿಗೂ ಇವರು ಉಪಕಾರ ಹೇಳುತ್ತಾರಲ್ಲ ಎಂದು ನಾನು ಒಳಗೊಳಗೇ ನಕ್ಕೆ. ಒಣ ದಂಟನ್ನು ಕೀಳದೆ ಬಿಟ್ಟದ್ದು ಅದಕ್ಕೇ ಎಂಬುದು ಆಗ ಹೊಳೆಯಲಿಲ್ಲ.

ನನ್ನ ಸರದಿ ಬಂತು. ನಾನು ಕಾದಿದ್ದೇ ಅದಕ್ಕೆ. ಫೋನ್ ತೆಗೆದು ಹಿಂದವಾಡಿಯ ಗುಲಾಬಿಗಳ ಫೋಟೋ ಮುಂದೆ ಹಿಡಿದೆ. “ನನ್ನ ತ್ವಾಟದಾಗ ಎಲ್ಲಾನೂ ಜೀವಂತ ಅದಾವು ಅಂತ ಹೇಳು,” ಎಂದೆ. ಫೋನ್ ಕೈಯಿಂದ ಕೈಗೆ ಹೋಯಿತು. ಅವರ ಮುಖ ಸಣ್ಣದಾಗುತ್ತದೆ ಎಂದು ನಾನು ನೋಡುತ್ತಲೇ ಇದ್ದೆ. ಒಬ್ಬರದೂ ಆಗಲಿಲ್ಲ. ಕನ್ನಡಕ ಸರಿ ಮಾಡಿಕೊಂಡು, ಫೋಟೋ ದೊಡ್ಡದು ಮಾಡಿ ಮಾಡಿ, ತಮ್ಮದೇ ಹೂವೇನೋ ಎಂಬಂತೆ ಖುಷಿಪಟ್ಟರು. ಮೊರಾಗ್ ಏನೋ ಕೇಳಿದಳು.

“ಇಷ್ಟೆಲ್ಲಾ ಇದ್ರ ಮೊದಲು ಯಾವುದಕ್ಕ ಥ್ಯಾಂಕ್ಸ್ ಹೇಳ್ತೀರಿ ಅಂತ ಕೇಳಾಕ್ಹತ್ಯಾಳ,” ಎಂದಳು ಸುಮಿತ್ರಾ.

ನಾನು ಈವರೆಗೆ ಯಾವ ಗಿಡಕ್ಕೂ ಥ್ಯಾಂಕ್ಸ್ ಹೇಳಿರಲಿಲ್ಲ. ನೀರು ಹಾಕುವವನು ನಾನು, ಗೊಬ್ಬರ ಹಾಕುವವನು ನಾನು, ಹೇಳಬೇಕಾದರೆ ಅವು ನನಗೆ ಹೇಳಬೇಕು. “ನಮ್ಮಲ್ಲೆ ಹಂಗ ಪದ್ಧತಿ ಇಲ್ಲ ಅನ್ನು,” ಎಂದೆ. ಅವಳು ಅದನ್ನು ಇಂಗ್ಲಿಷಿನಲ್ಲಿ ಏನೆಂದು ಹೇಳಿದಳೋ, ಎಲ್ಲರೂ ನನಗೂ ಮೇಜು ತಟ್ಟಿದರು. ಸೂಪಿಗೆ ನಾನು ತಂದ ಶೇಂಗಾ ಚಟ್ನಿ ಉದುರಿಸಿಕೊಂಡು ಜಾರ್ಜ್ ಎರಡು ಬಟ್ಟಲು ಕುಡಿದ. ಹೋದ ತಿಂಗಳು ಸುಮಿ ಮಾಡಿದ್ದು ಇದಕ್ಕಿಂತ ಖಾರವಾಗಿತ್ತು, ಅದೇ ಒಂದು ಗುಂಜಿ ಮೇಲಿತ್ತು ಎಂದನಂತೆ.

ಆ ರಾತ್ರಿ ಹೆಂಡತಿ ಹೇಳಿದಂತೆಯೇ ಆಯಿತು, ನಿದ್ದೆ ಬರಲಿಲ್ಲ. ಏನೂ ಇಲ್ಲದ ತೋಟ ಇಟ್ಟುಕೊಂಡು ಅವರು ಅಷ್ಟು ತೃಪ್ತರಾಗಿರುವುದು ನನಗೆ ಅನ್ಯಾಯವೆನಿಸಿತು.

ಬುಧವಾರ

ಬುಧವಾರ ಸುಮಿತ್ರಾಗೆ ಹಗಲು ಡ್ಯೂಟಿ. ಮೂರು ದಿನದ ಮೋಡ ಸರಿದು ಆಕಾಶ ತೊಳೆದಂತೆ ನೀಲಿಯಾಗಿತ್ತು, ಬಿಸಿಲು ಫಳಫಳ ಹೊಳೆಯುತ್ತಿತ್ತು. ಕೈ ಕಟ್ಟಿ ಕೂರುವ ಜಾಯಮಾನ ನನ್ನದಲ್ಲ. ಗೇಟಿನ ಕೀಲಿ ತೆಗೆದುಕೊಂಡು ತೋಟಕ್ಕೆ ನಡೆದೆ.

ನನ್ನ ಲೆಕ್ಕ ಇದು. ಖಾನಾಪುರದಲ್ಲಿ ನಮ್ಮವ್ವ ನಸುಕಿನಲ್ಲೇ ಅಂಗಳ ಗುಡಿಸಿ, ಒಂದು ಒಣ ಎಲೆ ಬಿಡದಂತೆ ಬಳಿಯುತ್ತಿದ್ದಳು. ಒಣಗಿದ್ದನ್ನು ಹಾಗೇ ಬಿಟ್ಟ ಅಂಗಳವೆಂದರೆ ಸೂತಕದ ಅಂಗಳ. ವಿಠ್ಠಲ ಹೋದ ಮೇಲೆ ಇವಳಿಗೆ ಕೈಯಾಡಿಸುವ ಮನಸ್ಸಾಗಿಲ್ಲ, ಪಾಪ. ಸುತ್ತಲಿನವರು ಚಟ್ನಿ ತಿನ್ನಲಿಕ್ಕೆ ಇದ್ದಾರೆ, ಒಬ್ಬರಾದರೂ ಒಂದು ಕಡ್ಡಿ ಕಿತ್ತು ಕೊಟ್ಟಿಲ್ಲ. ಅಣ್ಣ ಅಂದರೆ ಏನು ಎಂದು ಅವರೂ ನೋಡಲಿ.

ದಂಟುಗಳನ್ನೆಲ್ಲ ಕತ್ತರಿಸಿದೆ. ಎಲೆ, ಹುಲ್ಲು ಬಳಿದು ಮೂಲೆಗೆ ಹಾಕಿ, ನಮ್ಮಲ್ಲಿ ಮಾಡುವಂತೆ ಕಡ್ಡಿ ಗೀರಿ ಸುಟ್ಟೆ. ಆಮೇಲೆ ವಿಠ್ಠಲನ ಗುಲಾಬಿಗೆ ಬಂದೆ. ಬೆಳಗಾವಿಯಲ್ಲಿ ಮಳೆ ನಿಂತು ಬಿಸಿಲು ಬಿದ್ದ ಮೇಲೆ ನಾವು ಗುಲಾಬಿಯನ್ನು ಕತ್ತರಿಸಿ, ಬುಡದ ಮಣ್ಣು ಬಿಡಿಸಿ, ಬೇರನ್ನು ಕೆಲವು ದಿನ ಬಿಸಿಲಿಗೆ ಬಿಡುತ್ತೇವೆ. ನಂತರ ಗೊಬ್ಬರ ತುಂಬಿ ನೀರು ಕೊಟ್ಟರೆ ಗಿಡ ಹೊಸ ಜೀವ ಬಂದಂತೆ ಚಿಗುರುತ್ತದೆ. ಓಣಿಯಲ್ಲಿ ಯಾರೂ ನನ್ನಷ್ಟು ನಾಜೂಕಾಗಿ ಬೇರು ಬಿಚ್ಚಲಾರರು. ಇಲ್ಲಿಯೂ ಹಾಗೇ ಮಾಡಿದೆ. ಒಂದು ಬೇರಿಗೂ ಗಾಯವಾಗದಂತೆ ಮಣ್ಣು ತೆಗೆದು, ಸುತ್ತ ತಟ್ಟೆಯಂತೆ ಪಾತಿ ಮಾಡಿ ನಿಲ್ಲಿಸಿದೆ. ಬೆನ್ನು ನೋವಾದರೂ ಮನಸ್ಸು ಹಗುರಾಗಿತ್ತು. ಗುಡಿಸಲ ಮುಂದಿನ ಬೆಂಚಿನ ಮೇಲೆ ಕುಳಿತು, ಯಾರಾದರೂ ಬಂದು ನೋಡಿ ಹೊಗಳಲಿ ಎಂದು ಕಾದೆ.

ಅಲ್ಲಿ ಚಳಿಗಾಲದಲ್ಲಿ ಚಹಾದ ಹೊತ್ತಿಗೇ ಕತ್ತಲೆ. ಡ್ಯೂಟಿ ಮುಗಿಸಿ ಬಂದ ಸುಮಿತ್ರಾ ಗೇಟಿನಲ್ಲೇ ನಿಂತಳು. ಕೈಯಲ್ಲಿದ್ದ ಬ್ಯಾಟರಿಯನ್ನು ಪಟ್ಟಿಯ ಮೇಲೆಲ್ಲ ಆಡಿಸಿ, ಕೊನೆಗೆ ಗುಲಾಬಿಯ ಬೇರುಗಳ ಮೇಲೆ ನಿಲ್ಲಿಸಿದಳು.

“ಅಣ್ಣಾ, ಎಲಿ ಎಲ್ಲೆ ಹಾಕ್ದಿ?”

“ಸುಟ್ಟೆ. ಎಷ್ಟ ಸ್ವಚ್ಛ ಆಗೇತಿ ನೋಡು.”

ಅವಳು ಬೇರುಗಳ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತಳು. ಮೆಲ್ಲಗೆ ಹೇಳಿದಳು. “ಇಲ್ಲೆ ಆಕಾಶ ಸ್ವಚ್ಛ ಆತಂದ್ರ ರಾತ್ರಿ ಎಲ್ಲಾ ಕಲ್ಲಾಗತೈತಿ. ಆ ಎಲಿ ಅದರ ಹೊದಿಕಿ ಇತ್ತು ಅಣ್ಣಾ. ಬೇರು ಹಿಂಗ ಬಯಲಿಗೆ ಬಿದ್ರ ಮುಂಜಾನಿ ತನಕ ಉಳಿಯಂಗಿಲ್ಲ. ಅಂವಾ ನೆಟ್ಟದ್ದು ಇದೊಂದ ಉಳದಿತ್ತು.”

ಇಂಗು ತಿಂದ ಮಂಗನ ಹಾಗೆ ನಿಂತೆ. ಅವಳು ಯಾರಿಗೋ ಫೋನ್ ಮಾಡಿದಳು.

ಜಾರ್ಜ್ ಮೊದಲು ಬಂದ, ಕೈಗಾಡಿ ತಳ್ಳಿಕೊಂಡು. ಹಿಂದೆ ಮೊರಾಗ್, ಅವಳ ಹಿಂದೆ ಇನ್ನೂ ಕೆಲವರು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಜಾರ್ಜ್ ಮೊಣಕಾಲೂರಿ ಬೇರುಗಳನ್ನು ಬೆರಳಿನಿಂದ ಮುಟ್ಟಿ ನೋಡಿ ಸುಮಿತ್ರಾಗೆ ಏನೋ ಹೇಳಿದ. ಇನ್ನೂ ಮೆತ್ತಗಿವೆ, ಮಣ್ಣು ಗಟ್ಟಿಯಾಗಿಲ್ಲ, ಹೊತ್ತಿಗೆ ಗೊತ್ತಾದದ್ದು ಪುಣ್ಯ ಎಂದನಂತೆ. ಎಲ್ಲರೂ ಮಣ್ಣು ತುಂಬಿದರು. ಮುಚ್ಚಲು ಎಲೆ ಬೇಕಿತ್ತಲ್ಲ, ನಾನು ಸುಟ್ಟು ಕುಳಿತಿದ್ದೆ. ಜಾರ್ಜ್ ತನ್ನ ಪಟ್ಟಿಗೆ ಹೋಗಿ ತನ್ನ ಗಿಡಗಳ ಮೇಲೆ ಹೊದಿಸಿದ್ದ ಎಲೆಯನ್ನು ಬಾಚಿ ಬಾಚಿ ಗಾಡಿಗೆ ತುಂಬಿದ. ಮೊರಾಗ್ ಕೂಡ ತನ್ನ ಪಟ್ಟಿಯ ಎಲೆ ತಂದಳು, ಮೇಲೆ ತನ್ನ ಹಳೆಯ ಕೋಟು ಹಾಸಿದಳು. ಯಾರೋ ಒಬ್ಬರು ಜಮಖಾನೆಯ ತುಂಡು ತಂದರು. ನಾನು ಕತ್ತರಿಸಿ ಒಂದು ಅಡಿ ಉಳಿಸಿದ್ದ ಗಿಡಕ್ಕೆ ಬಾಣಂತಿಗೆ ಹೊದಿಸಿದಷ್ಟು ಹೊದಿಸಿದರು.

ಅವರು ಬೈದಿದ್ದರೆ ನನಗೆ ಅನುಕೂಲವಿತ್ತು, ನಾನೂ ಎರಡು ಮಾತಾಡಬಹುದಿತ್ತು. ಜಾರ್ಜ್ ಕೈ ಝಾಡಿಸಿಕೊಂಡು ನನ್ನ ಹತ್ತಿರ ಬಂದು, “ಕುಂದರ್ರಿ,” ಎಂದ. ಅವನಿಗೆ ಬರುತ್ತಿದ್ದ ಎರಡು ಮಾತಿನಲ್ಲಿ ಅದೊಂದು. ನಾನು ಕುಳಿತೆ. ಮೊರಾಗ್ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು. ನನ್ನ ತಂಗಿ ಕರೆದರೆ ಕತ್ತಲಲ್ಲಿ ಓಡಿ ಬರಲು ಇಷ್ಟು ಜನ ಇದ್ದಾರೆ ಎಂದು ಸಮಾಧಾನವಾಗಬೇಕಿತ್ತು. ನನಗೆ ಆದದ್ದು ಹೊಟ್ಟೆಯುರಿ.

ಹಿಮ

ಆಮೇಲಿನ ದಿನಗಳಲ್ಲಿ ಹಿಮ ಬಿತ್ತು. ನಾನು ಹೀಟರಿನ ಮುಂದೆ ಕಂಬಳಿ ಸುತ್ತಿ ಕುಳಿತು ರೊಟ್ಟಿ ಮುರಿದು ತಿನ್ನುತ್ತಿದ್ದೆ. ಸುಮಿತ್ರಾ ಡ್ಯೂಟಿಗೆ ಹೋಗುವಾಗ, ಬರುವಾಗ ತೋಟ ಹೊಕ್ಕು ಗುಲಾಬಿಗೆ ಹೊದಿಸಿದ ಕೋಟಿನ ಮೇಲಿನ ಹಿಮ ಕೊಡವಿ ಬರುತ್ತಿದ್ದಳು. “ಹೆಂಗೈತಿ?” ಎಂದು ಕೇಳಿದರೆ, “ಈಗ ಹೆಂಗ ಗೊತ್ತಾಗತೈತಿ? ಏಪ್ರಿಲ್‌ಕ್ಕ ಚಿಗಿತ್ರ ಐತಿ, ಇಲ್ಲಾಂದ್ರ ಇಲ್ಲ,” ಎನ್ನುತ್ತಿದ್ದಳು. ಸಿಟ್ಟು ಮಾಡಲಿಲ್ಲ. ಚಿಕ್ಕವಳಿದ್ದಾಗ ನಾನು ಅವಳ ಬಳಪ ಮುರಿದರೆ ಮನೆ ತಲೆಕೆಳಗು ಮಾಡುತ್ತಿದ್ದ ಹುಡುಗಿ ಇವಳೇನಾ ಎನಿಸುತ್ತಿತ್ತು. ಇಷ್ಟು ತಾಳ್ಮೆಯನ್ನು ಅವಳಿಗೆ ಕಲಿಸಿದವರು ನಾವಂತೂ ಅಲ್ಲ.

ಕೊನೆಯ ಭಾನುವಾರ

ನಾನು ಹೊರಡುವ ಹಿಂದಿನ ದಿನ ಮತ್ತೆ ಹಾಜರಿ. ಹಿಮ ತುಳಿದುಕೊಂಡು ಎಲ್ಲರೂ ಬಂದಿದ್ದರು. ಎಲೆ ನಮಗೆ ಕೊಟ್ಟದ್ದಕ್ಕೆ ಜಾರ್ಜನ ಒಂದು ಸಾಲು ಗಿಡ ಕರ್ರಗಾಗಿ ಮಲಗಿಬಿಟ್ಟಿತ್ತು. ಅವನು ಅದರ ಸುದ್ದಿಯನ್ನೇ ಎತ್ತಲಿಲ್ಲ. ಹಿಮದ ಕೆಳಗಿನ ಎಲೆಕೋಸು ಈ ವರ್ಷ ಸಕ್ಕರೆಯಾಗಿದೆ ಎಂದು ಥ್ಯಾಂಕ್ಸ್ ಹೇಳಿದ. ಸುಮಿತ್ರಾ ತನ್ನ ಸರದಿಯಲ್ಲಿ, ಗುಲಾಬಿ ಇದೆಯೋ ಇಲ್ಲವೋ ಗೊತ್ತಿಲ್ಲ ಎಂದಳು. ಹೋಗಿದೆ ಎಂದು ಖಾತ್ರಿಯಾಗುವ ತನಕ ಹಾಜರ್ ಎಂದೇ ಹಿಡಿಯಬೇಕು, ಹೋದ ವರ್ಷ ನಿನ್ನನ್ನೂ ಹಾಗೇ ಹಿಡಿದಿದ್ದೆವು ಎಂದಳಂತೆ ಮೊರಾಗ್.

“ಏನದು?” ಎಂದು ಕೇಳಿದೆ. ಸುಮಿತ್ರಾ ಹೇಳಲು ಹಿಂದೆಮುಂದೆ ನೋಡಿದಳು. ಜಾರ್ಜ್ ನನ್ನ ಕಡೆ ತಿರುಗಿ ನಿಧಾನವಾಗಿ ಹೇಳತೊಡಗಿದ, ಅವಳು ಬೇರೆ ದಾರಿಯಿಲ್ಲದೆ ನಮ್ಮ ಮಾತಿಗೆ ತಂದಳು.

“ವಿಠ್ಠಲ ಹೋದ ಮ್ಯಾಲೆ ಚಳಿಗಾಲ ಪೂರ್ತಿ ನಾ ಇಲ್ಲಿಗೆ ಬರಲಿಲ್ಲ. ಮನಿ ಬಿಟ್ಟ ಹೊರಗ ಬೀಳಲಿಲ್ಲ. ಆಗ ಪ್ರತಿ ಭಾನುವಾರ ನನ್ನ ಸರದಿ ಬಂದಾಗ ಅಜ್ಜ ಎದ್ದ ನಿಂತು, ಸುಮಿ ಹಾಜರ್, ಥ್ಯಾಂಕ್ಸ್ ಅಂತಿದ್ನಂತ. ಸುಳ್ಳ ಹೇಳಬಾರದಂತ, ಅದಕ್ಕ ಬರೂ ಮೊದಲ ನಮ್ಮ ಓಣಿಗೆ ಬಂದು, ನಮ್ಮ ಅಡಗಿಮನಿ ದೀಪ ಹತ್ತೇತೋ ಇಲ್ಲೋ ನೋಡಿ ಬರ್ತಿದ್ನಂತ. ನನಗ ಇದು ಗೊತ್ತಾಗಿದ್ದು ಮಳಿಗಾಲಕ್ಕ.”

ಎಲ್ಲರೂ ಮೇಜು ತಟ್ಟಿದರು. ನಾನು ತಟ್ಟಲಿಲ್ಲ. ಆ ಚಳಿಗಾಲದಲ್ಲಿ ನಾನೂ ಪ್ರತಿ ಶನಿವಾರ ಫೋನ್ ಮಾಡಿದ್ದೆ. ಊಟ ಆತೇನು ಎನ್ನುತ್ತಿದ್ದೆ, ಆತು ಎನ್ನುತ್ತಿದ್ದಳು, ನಾನು ಇಟ್ಟುಬಿಡುತ್ತಿದ್ದೆ. ಮನೆಯಿಂದ ಹೊರಗೆ ಬೀಳಲಿಲ್ಲ ಎಂಬುದು ನನಗೆ ಗೊತ್ತೇ ಇರಲಿಲ್ಲ. ಎಲ್ಲಿಯದೋ ಊರಿನ ಎಂಜಿನ್ ರಿಪೇರಿಯ ಮುದುಕ ನನ್ನ ತಂಗಿಯ ದೀಪ ನೋಡಿಕೊಂಡು ಹೋಗಿದ್ದ. ಅಷ್ಟು ಹೊಟ್ಟೆಕಿಚ್ಚು ನನಗೆ ಯಾವ ಗುಲಾಬಿಯನ್ನು ನೋಡಿಯೂ ಬಂದಿಲ್ಲ. ನನ್ನ ಸರದಿ ಬಂದಾಗ ಬಾಜು ಕುಳಿತವರತ್ತ ಕೈ ತೋರಿಸಿಬಿಟ್ಟೆ.

ಮನೆಯ ದಾರಿ

ವಾಪಸು ಬರುವಾಗ ಹಿಮದಲ್ಲಿ ಅವಳ ತೋಳು ಹಿಡಿದುಕೊಂಡೇ ನಡೆದೆ, ಬೀಳುವ ಭಯಕ್ಕೆ. ಇನ್ನು ತಡಮಾಡಿದರೆ ಆಗುವುದಿಲ್ಲ ಎಂದು ಕೇಳಿಯೇ ಬಿಟ್ಟೆ.

“ಹೇಳ್ತೀನಿ ಅಂದಿದ್ದಿ. ಬರ್ತೀಯೋ ಇಲ್ಲೋ?”

“ಅಲ್ಲೆ ಬಂದು ಏನ ಮಾಡ್ಲಿ ಅಣ್ಣಾ?”

“ಆರಾಮ ಇರು. ನಾ ಅದೀನಿ, ನಿಮ್ಮ ವೈನಿ ಅದಾಳ, ತ್ವಾಟ ಐತಿ.”

“ತ್ವಾಟ ನಿಂದು.”

“ನಂದಂದ್ರ ನಿಂದ ಅಲ್ಲೇನು?”

ಅವಳು ನಕ್ಕಳು. “ನಿನ್ನ ತ್ವಾಟದಾಗಿನ ಒಂದು ಹೂವು ವೈನಿ ದೇವರಿಗೆ ಏರ್ಸಿಲ್ಲ ಇವತ್ತಿನ ತನಕ. ಅಲ್ಲೆ ಬಂದ್ರ ನಾ ದಿನಾ ಮುಂಜಾನಿ ಎದ್ದು ನಿನ್ನ ಹೂವು ನೋಡಿ, ಭಾಳ ಛಂದ ಬಂದಾವು ಅಣ್ಣಾ ಅಂತ ಅನಕೋತ ಕುಂದರಬೇಕು. ಇಲ್ಲೆ ಒಣಗಲಿ, ಸಾಯಲಿ, ಆ ಪಟ್ಟಿ ನಂದು.”

“ಹಂಗಾರ ಅರ್ಧಾ ತ್ವಾಟ ನಿನಗ ಕೊಡ್ತೀನಿ,” ಎಂದೆ. ಮಾತು ಬಾಯಿಂದ ಬಂದ ಮೇಲೆ ನನಗೇ ಆಶ್ಚರ್ಯವಾಯಿತು. ಆದರೆ ಮನಸ್ಸಿನಿಂದಲೇ ಬಂದಿತ್ತು.

ಅವಳು ನಿಂತಳು. “ಖರೇನ?”

“ಖರೇನ.”

“ಯಾವ ಅರ್ಧಾ?”

ನಮ್ಮ ಅಂಗಳದಲ್ಲಿ ಮೂಡಣ ಕಡೆ ಬಿಸಿಲು ಬೀಳುತ್ತದೆ, ಗುಲಾಬಿಗಳೆಲ್ಲ ಅಲ್ಲಿವೆ. ಪಡುವಣ ಕಡೆ ಬಾಜು ಮನೆಯವರ ಗೋಡೆಯ ನೆರಳು. ಅಲ್ಲಿ ಒಂದಿಷ್ಟು ಕ್ರೋಟನ್, ಒಂದು ಕರಿಬೇವು, ನಳ. ಗುಲಾಬಿಗಳನ್ನು ಸರಿಸಲು ಬರುವುದಿಲ್ಲ, ಬೇರು ಆಳಕ್ಕೆ ಹೋಗಿವೆ. ಪಡುವಣದ ಕಡೆಗೆ ಒಂದೆರಡು ಗಾಡಿ ಕೆಂಪು ಮಣ್ಣು ಹಾಕಿಸಿದರೆ ಅವಳಿಗೆ ಸಾಕಾದೀತೇ ಎಂದು ಯೋಚಿಸಿದೆ. ಇಷ್ಟನ್ನು ಯೋಚಿಸಲು ಎಷ್ಟು ಹೊತ್ತು ಬೇಕು? ಅಷ್ಟೇ ಹೊತ್ತು ಸುಮ್ಮನಿದ್ದೆ. ಸುಮಿತ್ರಾ ನನ್ನ ಮುಖವನ್ನೇ ನೋಡುತ್ತಿದ್ದಳು.

“ಇರಲಿ ಬಿಡು ಅಣ್ಣಾ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಥಂಡಿ ಭಾಳ ಆತು, ಲಗೂನ ನಡಿ.”

ಹಿಂದವಾಡಿ

ಒಬ್ಬನೇ ಆಟೋ ಇಳಿದದ್ದನ್ನು ಹೆಂಡತಿ ಗೇಟಿನಿಂದಲೇ ನೋಡಿದಳು. ಏನೂ ಕೇಳದೆ ಒಳಗೆ ಹೋಗಿ ಚಹಾಕ್ಕೆ ಇಟ್ಟಳು.

ಏಪ್ರಿಲ್‌ನಲ್ಲಿ ಸುಮಿತ್ರಾ ತಾನಾಗಿಯೇ ಫೋನ್ ಮಾಡಿದಳು. ವಿಠ್ಠಲನ ಗುಲಾಬಿಯ ಒಂದು ಕಡ್ಡಿಯಲ್ಲಿ, ಬುಡದ ಹತ್ತಿರ, ಕೆಂಪು ಚಿಗುರು ಬಂದಿದೆ. ಮೇಲಿನದೆಲ್ಲ ಹೋಗಿದೆ, ಇದೊಂದು ಸಾಕು ಎಂದಳು. ಮೊದಲು ಕಂಡದ್ದು ಜಾರ್ಜ್ ಅಜ್ಜನಿಗಂತೆ. ಅವನಿಗೇ ಯಾಕೆ ಕಾಣಬೇಕು ಎಂದು ಈ ಕಡೆ ನನಗೆ ಆಗಲೂ ಚುರ್ರೆಂದಿತು. ಆದರೆ ಫೋನ್ ಇಟ್ಟ ಮೇಲೆ ಬಹಳ ಹೊತ್ತು ಅಂಗಳದಲ್ಲಿ ನಿಂತಿದ್ದೆ. ಕಣ್ಣು ಒದ್ದೆಯಾಗಿದ್ದವು.

ಶನಿವಾರದ ಫೋನು ಈಗಲೂ ನಡೆದಿದೆ. ಊಟ ಆತೇನು ಎಂದು ಕೇಳಿ ಇಟ್ಟುಬಿಡುವುದಿಲ್ಲ. ಹಿಮ ಕರಗಿತೇ, ಏನು ಬಿತ್ತಿದಿರಿ, ಮೊರಾಗ್‌ಳ ಮೊಣಕಾಲು ಹೇಗಿದೆ ಎಂದೆಲ್ಲ ಮಾತು ಎಳೆಯುತ್ತೇನೆ. ಎಳೆಯುತ್ತ ಎಳೆಯುತ್ತ ತೋಟದ ಸುದ್ದಿಗೆ ತಂದು ನಿಲ್ಲಿಸುತ್ತೇನೆ. ಯಾವ ಅರ್ಧ ಎಂದು ಅವಳು ಮತ್ತೊಮ್ಮೆ ಕೇಳಿದರೆ, ಅವಳ ಮಾತು ಮುಗಿಯುವ ಮೊದಲೇ ಗುಲಾಬಿ ಇರೂ ಅರ್ಧಾ ಎನ್ನಬೇಕು. ಬಾಯಿಗೆ ರೂಢಿಯಾಗಲಿ ಎಂದು ನೀರು ಹಾಕುವಾಗ ಒಮ್ಮೊಮ್ಮೆ ಗಟ್ಟಿಯಾಗಿ ಅಂದೂ ನೋಡಿದ್ದೇನೆ. ಅವಳು ಮಾತ್ರ ಯಾವ ಅರ್ಧ ಎಂದು ಕೇಳುತ್ತಿಲ್ಲ.